ಒಳ್ಳೆಯ ಸ್ಯಾಂಪಲ್

ಬಸ್ಸು ಮಾಚೇನಹಳ್ಳಿ ದಾಟುವಾಗ ಶಿವಯೋಗಿಯ ಜೇಬಿನಲ್ಲಿ ಫೋನು ಒಂದರ ಹಿಂದೆ ಒಂದು ನಾಲ್ಕು ಸಲ ನಡುಗಿತು. ಲ್ಯಾಬಿನ ವಿದ್ಯಾಶ್ರೀ ಕಳಿಸಿದ್ದು. ಮೊದಲ ಮೂರರಲ್ಲಿ ಒಂದೊಂದು ಹೆಸರು, ವಯಸ್ಸು, ಡಬ್ಬಿಯ ನಂಬರು, ಕೊನೆಗೆ ಪಾಸಿಟಿವ್ ಅನ್ನುವ ಪದ. ಹೊನ್ನಯ್ಯ, ಅರವತ್ತೊಂದು. ದುಶ್ಯಂತ್, ಇಪ್ಪತ್ತೆಂಟು. ಸುಭದ್ರಮ್ಮ, ಐವತ್ತೆರಡು. ನಾಲ್ಕನೆಯದು ಅವಳ ಸ್ವಂತದ್ದು: 'ಒಂದೇ ಬೀದೀಲಿ ಮೂರು ಟಿಬಿ! ಸ್ಯಾಂಪಲ್ ತುಂಬಾ ಚೆನ್ನಾಗಿತ್ತು ಸರ್, ಹೀಗೇ ತರ್ತಾ ಇರಿ.' ಶಿವಯೋಗಿ ಓದಿದ, ಫೋನನ್ನು ಮತ್ತೆ ಜೇಬಿಗೆ ಹಾಕಿಕೊಂಡ, ಎದೆ ಹೊಡೆದುಕೊಳ್ಳಲಿ ಎಂದು ಕಾದ. ಹೊಡೆದುಕೊಳ್ಳಲಿಲ್ಲ. ಮುಂದಿನ ಸೀಟಿನ ಹೆಂಗಸಿನ ಜಡೆಯಲ್ಲಿ ನಿನ್ನೆಯ ಮಲ್ಲಿಗೆ ಕಂದಿತ್ತು. ಅದನ್ನು ಕಟ್ಟಿದ ಬಾಳೆನಾರು ಎರಡು ಕಡೆ ಬಿಚ್ಚಿಕೊಂಡಿತ್ತು. ಅದನ್ನೇ ನೋಡುತ್ತ ಕುಳಿತ. ಆ ಮೂರು ಡಬ್ಬಿಗಳಲ್ಲಿ ಇದ್ದದ್ದು ಆ ಮೂವರ ಕಫವಲ್ಲ. ಮೂರರಲ್ಲೂ ಇದ್ದದ್ದು ಅವನದೇ ಕಫ. ಅಂದರೆ ಟಿಬಿ ಇರುವುದು ಅವನಿಗೆ. ಇಡೀ ಪ್ರಪಂಚದಲ್ಲಿ ಇದು ಗೊತ್ತಿರುವ ಮನುಷ್ಯ ಅವನೊಬ್ಬನೇ, ಅವನಿಗೂ ಅದು ಗೊತ್ತಾಗಿ ಎರಡು ನಿಮಿಷವಾಗಿತ್ತು. ಕಂಡಕ್ಟರ್ ಬಂದು ಟಿಕೆಟ್ ಕೇಳಿದಾಗ ಭದ್ರಾವತಿ ಒಂದು ಎಂದು ದಿನದ ದನಿಯಲ್ಲೇ ಹೇಳಿದ.

ಹನ್ನೊಂದು ವರ್ಷದಿಂದ ಅವನ ಕೆಲಸವೇ ಇದು. ಶಿವಮೊಗ್ಗದ ಹೊಸಮನೆಯಿಂದ ದಿನಾ ಭದ್ರಾವತಿಗೆ ಹೋಗಿ ಅಲ್ಲಿನ ಒಂದು ಆರೋಗ್ಯ ಕೇಂದ್ರದಲ್ಲಿ ಗುತ್ತಿಗೆಯ ಮೇಲೆ ಕ್ಷಯರೋಗದ ಕೆಲಸ ಮಾಡುವುದು. ಮನೆ ಮನೆ ತಿರುಗಿ, ಎರಡು ವಾರದಿಂದ ಯಾರಿಗಾದರೂ ಕೆಮ್ಮು ಇದೆಯಾ ಎಂದು ಕೇಳುವುದು, ಮುಚ್ಚಳದ ಡಬ್ಬಿ ಕೊಡುವುದು, ಬೆಳಗಿನ ಕಫ ಹಾಕಿಟ್ಟ ಡಬ್ಬಿಯನ್ನು ಲ್ಯಾಬಿಗೆ ತಲುಪಿಸುವುದು. ರೋಗ ಸಿಕ್ಕಿದರೆ ಆರು ತಿಂಗಳು ಮಾತ್ರೆ. ರೋಗಿಯ ಎದುರು ಕುಳಿತು ನುಂಗಿಸಬೇಕು. ನುಂಗಿದ ಮೇಲೆ 'ಬಾಯಿ ತೆಗೀರಿ' ಅನ್ನಬೇಕು, ನಾಲಿಗೆಯ ಕೆಳಗೆ ಉಳಿಸಿಕೊಂಡಿಲ್ಲವೆಂದು ಬಗ್ಗಿ ನೋಡಬೇಕು. ಎಷ್ಟು ಬಾಯಿ ನೋಡಿದ್ದಾನೋ ಲೆಕ್ಕವಿಲ್ಲ. ಹೊಗೆಸೊಪ್ಪಿನ ಬಾಯಿ, ಹಲ್ಲಿಲ್ಲದ ಬಾಯಿ. ಕಾರ್ಖಾನೆ ಕ್ವಾರ್ಟರ್ಸಿನ ಸಾಲಿನಲ್ಲಿ, ಸುಭದ್ರಮ್ಮನ ಪಕ್ಕದ ಮನೆಯಲ್ಲೇ, ಒಬ್ಬ ನಿವೃತ್ತ ಮೇಷ್ಟರಿದ್ದರು. ಮೊದಲ ದಿನ ಅವರು ಬಾಯಿ ತೆಗೆದು, ಮುಚ್ಚಿ, 'ಮೂವತ್ತೈದು ವರ್ಷ ಬಾಯಿ ಮುಚ್ಚಿ ಬಾಯಿ ಮುಚ್ಚಿ ಅಂತ ಹೇಳಿದ ಮನುಷ್ಯ ಕಣಯ್ಯಾ ನಾನು' ಎಂದು ನಕ್ಕಿದ್ದರು. ನಗು ಮುಗಿಯುವ ಮೊದಲೇ ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡಿದ್ದರು. ಶಿವಯೋಗಿಗೆ ಆಗ ಅಂಥದ್ದೇನೂ ಅನಿಸಿರಲಿಲ್ಲ. ಕಾರ್ಡಿನಲ್ಲಿ ಆ ದಿನದ ಮನೆಗೆ ಗೀಟು ಹಾಕಿ ಮುಂದಿನ ಮನೆಗೆ ಹೋಗಿದ್ದ.

ಇಂಥವನು ದೀಪಾವಳಿಯಿಂದ ಕೆಮ್ಮುತ್ತಿದ್ದ. ಈಗ ಶಿವರಾತ್ರಿಯೂ ಕಳೆದಿತ್ತು. ಬೆಲ್ಟಿಗೆ ಮೊಳೆಯಿಂದ ಎರಡು ಹೊಸ ತೂತು ಹೊಡೆದುಕೊಂಡಿದ್ದ. ಹೆಂಡತಿ ರಶ್ಮಿ ಕೇಳಿದರೆ ಧೂಳು ಅನ್ನುತ್ತಿದ್ದ, ಭದ್ರಾವತಿ ರಸ್ತೆ ಅಗೆದು ಹಾಕಿದ್ದಾರೆ ಅನ್ನುತ್ತಿದ್ದ. 'ಊರಿನೋರಿಗೆಲ್ಲ ಎರಡು ವಾರ ಅಂತ ಪಾಠ ಹೇಳ್ತೀರಲ್ಲ, ನಿಮಗೆ ಕ್ಯಾಲೆಂಡರ್ ಇಲ್ವಾ?' ಎಂದು ಅವಳು ಅಂದ ದಿನ ಸಿಟ್ಟು ಬಂದು, ಅವತ್ತೇ ಸಂಜೆ ದುರ್ಗಿಗುಡಿಯ ಒಂದು ಖಾಸಗಿ ಕ್ಲಿನಿಕ್ಕಿಗೆ ಹೋಗಿದ್ದ. ಅಲ್ಲಿ ಯಾರಿಗೂ ಅವನ ಗುರುತಿರಲಿಲ್ಲ. ಹದಿನಾಲ್ಕನೇ ಟೋಕನ್. ಹನ್ನೆರಡನೆಯವರು ಒಳಗೆ ಹೋಗುವವರೆಗೆ ಕುಳಿತಿದ್ದ. ಎದುರಿನ ಗೋಡೆಯಲ್ಲಿ ಕೆಮ್ಮುವ ಮನುಷ್ಯನ ಚಿತ್ರದ ಪೋಸ್ಟರು. ಅದೇ ಪೋಸ್ಟರನ್ನು ಅವನೇ ತನ್ನ ಕೈಯಾರೆ ಭದ್ರಾವತಿಯ ನೂರಾರು ಗೋಡೆಗೆ ಅಂಟಿಸಿದ್ದ. ಚಿತ್ರದ ಮನುಷ್ಯ ಕರ್ಚೀಫು ಹಿಡಿದು ತನ್ನನ್ನೇ ನೋಡುತ್ತಿದ್ದಾನೆ ಅನಿಸಿ ನಾಚಿಕೆಯಾಯಿತು. ಭಯವಲ್ಲ, ನಾಚಿಕೆ, ಆ ವ್ಯತ್ಯಾಸ ಅವನಿಗೆ ಆಗಲೇ ಗೊತ್ತಿತ್ತು. ಹದಿಮೂರನೆಯವರನ್ನು ಕರೆದಾಗ ಎದ್ದು ಬಂದು, ಎದುರಿನ ಅಂಗಡಿಯಲ್ಲಿ ಒಂದು ಕೆಮ್ಮಿನ ಸಿರಪ್ ಕೊಂಡು ಮನೆಗೆ ಹೋದ.

ಇವತ್ತು ಬೆಳಿಗ್ಗೆ ಮಗಳು ತನುಜಾಳ ಹಾಲು ಬಿಸಿಯಿತ್ತು. ಏಳು ವರ್ಷದ ಹುಡುಗಿ, ಶಾಲೆಯ ಆಟೋ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿತ್ತು. ಲೋಟವನ್ನು ಬಾಯಿಯ ಹತ್ತಿರ ಹಿಡಿದು ಊದಿ ಊದಿ ಆರಿಸಿ ಕೊಟ್ಟಿದ್ದ. ಅವಳು ಗಟಗಟ ಕುಡಿದು, ಮೇಲ್ತುಟಿಯ ಬಿಳಿ ಮೀಸೆ ಒರೆಸದೆ ಓಡಿದ್ದಳು. ಬಸ್ಸು ಭದ್ರಾವತಿಯ ಸೇತುವೆ ಹತ್ತಿದಾಗ ಇದು ನೆನಪಾಯಿತು. ಕೆಳಗೆ ಭದ್ರೆ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿತ್ತು. ಆ ಲೋಟ, ಆ ಮೀಸೆ, ತನ್ನ ಉಸಿರು ಎಲ್ಲವನ್ನೂ ಸಾಲಾಗಿ ಮನಸ್ಸಿಗೆ ತಂದುಕೊಂಡು ಈಗಲಾದರೂ ಏನಾದರೂ ಆಗುತ್ತದೆಯೋ ಎಂದು ನೋಡಿದ. ಮರಗಟ್ಟಿದ ಕಾಲನ್ನು ಚಿವುಟಿದ ಹಾಗಿತ್ತು. ಚಿವುಟುವ ಬೆರಳು ಕಾಣುತ್ತಿತ್ತು, ಅಷ್ಟೆ.

ಆರೋಗ್ಯ ಕೇಂದ್ರದ ಗೇಟಿಗೆ ಬಾಳೆಕಂದು ಕಟ್ಟಿದ್ದರು. ಇವತ್ತು ಹೊರದೇಶದ ತಂಡ ಬರುವ ದಿನ, ಅದನ್ನೂ ಅವನು ಮರೆತಿದ್ದ. ಕ್ಷಯವನ್ನು ಪ್ರಪಂಚದಿಂದಲೇ ಓಡಿಸುವ ಕಾರ್ಯಕ್ರಮಕ್ಕೆ ದುಡ್ಡು, ಮಷಿನ್ನು ಕೊಟ್ಟ ಸಂಸ್ಥೆಯವರು. ಬಾಗಿಲ ಮೇಲೆ ಬಟ್ಟೆಯ ಬ್ಯಾನರು. ಕ್ಷಯಮುಕ್ತವಾಗಬೇಕಿದ್ದ ಇಸವಿ ಕಳೆದುಹೋಗಿದ್ದರಿಂದ ಅದರ ಮೇಲೊಂದು ಬಿಳಿ ಹಾಳೆ ಅಂಟಿಸಿ ಹೊಸ ಇಸವಿ ಬರೆದಿದ್ದರು. ಗಾಳಿಗೆ ಹಾಳೆಯ ಒಂದು ಮೂಲೆ ಎದ್ದಾಗ ಹಳೆಯದು ಇಣುಕುತ್ತಿತ್ತು. ಆಶಾ ಕಾರ್ಯಕರ್ತೆಯರು ಗುಲಾಬಿ ಸೀರೆಯಲ್ಲಿ ಕುರ್ಚಿ ಸಾಲು ಮಾಡುತ್ತಿದ್ದರು. ಅವರಲ್ಲಿ ಒಬ್ಬಳು, 'ಏನ್ ಶಿವಯೋಗಣ್ಣ, ಒಂದೇ ದಿನ ಮೂರು ಹಿಡಿದ್ರಂತೆ! ಜೇನು ಕಿತ್ತಂಗೆ ಕಿತ್ತಿದೀರಲ್ಲ ಮಾರಾಯ್ರೆ' ಅಂದಳು. ಎಲ್ಲರೂ ನಕ್ಕರು. ಅವನೂ ನಕ್ಕ. ಇದೇ ನಗು, ಇದೇ ಹಾಲ್. ಹೋದ ತಿಂಗಳ ಮೀಟಿಂಗಿನಲ್ಲಿ ಇವರೆಲ್ಲ ಇದೇ ಜಾಗದಲ್ಲಿ ಕುಳಿತಿದ್ದರು, ವಿದ್ಯಾಶ್ರೀ ನಿಂತುಕೊಂಡು ಲ್ಯಾಬಿನಿಂದ ವಾಪಸಾದ ಡಬ್ಬಿಗಳ ಪಟ್ಟಿ ಓದುತ್ತಿದ್ದಳು. ನೂರು ದಿನದ ಅಭಿಯಾನ. ಕೆಮ್ಮು ಇರಲಿ ಇಲ್ಲದಿರಲಿ, ವಾರ್ಡಿಗೆ ಇಷ್ಟು ಡಬ್ಬಿ ಎಂದು ಮೇಲಿನಿಂದ ಬಂದಿತ್ತು. ಶಿವಯೋಗಿ ತಂದ ಹದಿನೇಳರಲ್ಲಿ ಹನ್ನೊಂದು ವಾಪಸು. ಪ್ರತಿ ಹೆಸರಿನ ಮುಂದೆ ಕಾರಣ ಓದಬೇಕೆಂಬ ನಿಯಮ, ಅವಳು ಓದಿದಳು: ಉಗುಳು, ಉಗುಳು, ಉಗುಳು. ಆರನೆಯ ಉಗುಳಿಗೆ ಯಾರೋ ಕಿಸಕ್ಕೆಂದರು. ಎಂಟನೆಯದಕ್ಕೆ ಡಾಕ್ಟರ್ ಮಲ್ಲಿಕ್ ಕೂಡ ನಕ್ಕುಬಿಟ್ಟು, 'ಏನ್ರಿ ಶಿವಯೋಗಿ, ಹನ್ನೊಂದು ವರ್ಷ ಆಯ್ತು, ಕಫ ಯಾವ್ದು ಎಂಜಲು ಯಾವ್ದು ಇನ್ನೂ ಗೊತ್ತಾಗಲ್ವಾ?' ಅಂದಿದ್ದರು. ಕೆಮ್ಮೇ ಇಲ್ಲದವರು ಕಫ ಎಲ್ಲಿಂದ ತರಬೇಕು ಎಂದು ಕೇಳಬಹುದಿತ್ತು. ಕೇಳುವುದಕ್ಕೆ ಬಾಯಿ ತೆಗೆದಾಗ ಬಂದದ್ದು ಕೆಮ್ಮು, ಅದಕ್ಕೆ ಇನ್ನಷ್ಟು ನಗು.

ಆಮೇಲಿನ ಒಂದು ಸೋಮವಾರ. ಕೇಂದ್ರದ ಹಿಂದೆ ನೀರಿನ ಟ್ಯಾಂಕಿನ ಪಕ್ಕ, ಅಂದರೆ ರೋಗಿಗಳನ್ನು ಬಯಲಲ್ಲಿ ನಿಲ್ಲಿಸಿ ಕೆಮ್ಮಿಸುವ ಜಾಗದಲ್ಲಿ, ಅವತ್ತಿನ ಡಬ್ಬಿಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಮೂರು ಡಬ್ಬಿಗಳಲ್ಲಿ ಬರೀ ನೀರು. ಒಂದರಲ್ಲಿ ಅಡಿಕೆಯ ಚೂರು ತೇಲುತ್ತಿತ್ತು. ಮತ್ತೆ ಮೂರು ಉಗುಳು. ಮೂರನ್ನೂ ಬ್ಲೀಚಿಂಗ್ ಪೌಡರಿನ ಬಕೆಟ್ಟಿಗೆ ಸುರಿದ. ಅಷ್ಟರಲ್ಲಿ ಬೆಳಗಿನ ಕೆಮ್ಮು ಬಂತು. ಹೊಟ್ಟೆಯ ಬುಡದಿಂದ ಎದ್ದು ಬಂದ ಆ ಕೆಮ್ಮನ್ನು ಅವನು ಹಾಳುಮಾಡಲಿಲ್ಲ. ಒಂದು, ಎರಡು, ಮೂರು. ಗಟ್ಟಿ, ಹಳದಿ, ಅಂಟು. ತರಬೇತಿಯ ಪುಸ್ತಕದಲ್ಲಿ ಉತ್ತಮ ಮಾದರಿ ಎಂದು ಚಿತ್ರ ಹಾಕಿರುತ್ತಾರಲ್ಲ, ಅದೇ. ಮುಚ್ಚಳ ತಿರುವುವಾಗ ಕೆಲಸ ಬಲ್ಲವನಿಗೆ ತನ್ನ ಕೈಕೆಲಸ ಕಂಡು ಆಗುವ ಸಣ್ಣ ಹೆಮ್ಮೆ ಆಗಿದ್ದು ನಿಜ. ಆ ಮೂವರೂ ಗುಂಡುಕಲ್ಲಿನ ಹಾಗಿದ್ದಾರೆ, ಉಗುಳಾದರೂ ನೆಗೆಟಿವ್, ಕಫವಾದರೂ ನೆಗೆಟಿವ್, ಯಾರಿಗೆ ಏನು ನಷ್ಟ ಅಂದುಕೊಂಡಿದ್ದ. ತನಗೆ ಇರಬಹುದು ಎಂದು ಹೊಳೆಯಲೇ ಇಲ್ಲವೇ? ಹೊಳೆದಿತ್ತು. ಹೊಳೆದದ್ದನ್ನು ಧೂಳು ಎಂದು ಕರೆದಿದ್ದ.

ಲ್ಯಾಬಿನ ಬಾಗಿಲಲ್ಲಿ ನಿಂತು 'ವಿದ್ಯಾಶ್ರೀ, ಆ ಮೂರು ಡಬ್ಬಿ...' ಅಂದ. ಮಷಿನ್ನಿನ ಮೇಲಿನ ವಿದೇಶಿ ಸ್ಟಿಕ್ಕರನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ ಅವಳು ತಿರುಗಿದಳು. ಇಪ್ಪತ್ತಾರು ವರ್ಷದ ಹುಡುಗಿ, ಕೆಟ್ಟವಳಲ್ಲ. 'ಸರ್, ಅವತ್ತು ಮೀಟಿಂಗಲ್ಲಿ ಹಂಗೆ ಓದ್ಬಾರ್ದಿತ್ತು ನಾನು. ಮನೇಗ್ ಹೋದ್ಮೇಲೆ ಬೇಜಾರಾಯ್ತು. ಇವತ್ತು ಸರಿಹೋಯ್ತು ಬಿಡಿ' ಅಂದಳು. ಅವಳ ಮುಖದಲ್ಲಿ ನಿಜವಾದ ಸಮಾಧಾನವಿತ್ತು. ಅದನ್ನು ಕೆಡಿಸುವುದು ಬೇಡ ಅನಿಸಿತು. ಅಥವಾ ಹಾಗೆಂದು ತನಗೆ ತಾನೇ ಹೇಳಿಕೊಂಡ. ಡಾಕ್ಟರಿಗೇ ಹೇಳುತ್ತೇನೆ, ತಂಡ ಹೋದ ಮೇಲೆ ಹೇಳುತ್ತೇನೆ. ಹೇಳಿದರೆ ಏನಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಸುಳ್ಳು ಮಾದರಿ ಕೊಟ್ಟವನ ಗುತ್ತಿಗೆಯನ್ನು ಯಾರೂ ಮುಂದುವರಿಸುವುದಿಲ್ಲ. ಹನ್ನೊಂದು ವರ್ಷ ಬಕೆಟ್ಟಿಗೆ ಸುರಿದ ಹಾಗೆ.

ತಂಡದ ಮುಖ್ಯಸ್ಥೆ ಪೆರು ದೇಶದವಳಂತೆ. ಕುಳ್ಳಗೆ, ನಮ್ಮ ಕಡೆಯವರ ಹಾಗೇ ಕಪ್ಪು ಜಡೆ. ಡಾಕ್ಟರ್ ಮಲ್ಲಿಕ್ ಅವಳ ಮಾತನ್ನು ಕನ್ನಡಕ್ಕೆ ಹೇಳುತ್ತಿದ್ದರು. 'ಕೆಮ್ಮೇ ಇಲ್ಲದವರಲ್ಲಿ ಮೂರು ಕೇಸ್ ಹುಡುಕಿದೀರಿ. ಹೇಗೆ ಅಂತ ಕೇಳ್ತಿದಾರೆ.' ಎಲ್ಲರೂ ಅವನತ್ತ ತಿರುಗಿದರು. 'ಸ್ಯಾಂಪಲ್ ಚೆನ್ನಾಗಿತ್ತು ಸರ್' ಅಂದ. ಅದು ಇಂಗ್ಲಿಷಿಗೆ ಹೋದಾಗ ಉದ್ದವಾಯಿತು, ಅವಳು ತಲೆ ಆಡಿಸಿ ಬರೆದುಕೊಂಡಳು. ಆಮೇಲೆ ಪೆನ್ನು ಮುಚ್ಚಿ ಬೇರೇನೋ ಹೇಳಿದಳು, ಮೆಲ್ಲಗೆ. ಮಲ್ಲಿಕ್, 'ಅವರ ಅಪ್ಪನಿಗೂ ಇತ್ತಂತೆ ಶಿವಯೋಗಿ. ಇವರು ಚಿಕ್ಕೋರಿದ್ದಾಗ. ನಿಮ್ಮಂಥವರೊಬ್ರು ದಿನಾ ಮನೆಗೆ ಬಂದು ಮಾತ್ರೆ ನುಂಗಿಸ್ತಿದ್ರಂತೆ. ಅಪ್ಪ ಉಳ್ಕೊಂಡ್ರು, ಆ ಮನುಷ್ಯನ ಹೆಸರು ಇವತ್ತಿಗೂ ನೆನಪಿದೆ ಅಂತಾರೆ' ಅಂದರು. ಈಗ ಅಳು ಬರಬೇಕಿತ್ತು. ಬಂದದ್ದು ಕೆಮ್ಮು. ಬಾಗಿ, ಮೊಣಕೈ ಅಡ್ಡ ಹಿಡಿದು ಕೆಮ್ಮಿದ, ನಿಲ್ಲಲಿಲ್ಲ. ತಲೆಯೆತ್ತಿದಾಗ ಅವಳು ಬ್ಯಾಗಿನಿಂದ ಮಾಸ್ಕ್ ತೆಗೆದು ಹಾಕಿಕೊಳ್ಳುತ್ತಿದ್ದಳು. ನಾಚಿಕೊಂಡೇ, ಕ್ಷಮಿಸಿ ಅನ್ನುವ ಹಾಗೆ ಕಣ್ಣಲ್ಲೇ ನಕ್ಕು. ಕೋಣೆಯಲ್ಲಿದ್ದ ಮೂವತ್ತು ಜನರಲ್ಲಿ ಅವನ ಕೆಮ್ಮನ್ನು ಕೆಮ್ಮು ಎಂದು ಕೇಳಿಸಿಕೊಂಡವಳು ಅವಳೊಬ್ಬಳೇ. 'ನೀರು ಕುಡೀರಿ ಶಿವಯೋಗಿ' ಎಂದು ಡಾಕ್ಟರು ಸಿಡುಕಿದರು.

ತಂಡ ಹೊರಟ ಮೇಲೆ ಜೀಪಿನ ಧೂಳು ಇನ್ನೂ ಇಳಿದಿರಲಿಲ್ಲ. 'ಸರ್, ಒಂದು ವಿಷ್ಯ' ಎಂದು ಶಿವಯೋಗಿ ಡಾಕ್ಟರ ಹಿಂದೆ ನಡೆದ. ಅವರು ನಿಲ್ಲದೆ, 'ನಿಮ್ಮ ರಿನ್ಯೂವಲ್ ತಾನೆ? ನಾನೇ ಬರೀತೀನಿ, ತಲೆ ಕೆಡಿಸ್ಕೋಬೇಡಿ. ಮೊದಲು ಆ ಮೂವರಿಗೆ ಇವತ್ತೇ ಮಾತ್ರೆ ಶುರು ಮಾಡಿ. ಅದರಲ್ಲಿ ಒಬ್ಬಳು ಅಂಗನವಾಡಿ ಸಹಾಯಕಿ ಅಂತಲ್ರಿ, ಅಡಿಗೆ ಮಾಡ್ತಾಳಂತೆ. ಅಲ್ಲಿಗೆ ಬೆಳಿಗ್ಗೆನೇ ಫೋನ್ ಹೋಗಿದೆ' ಅಂದರು. ಬೆಳಿಗ್ಗೆಯೇ. ಅವನು ಬಸ್ಸಿನಲ್ಲಿ ಕುಳಿತು ಮಲ್ಲಿಗೆ ನೋಡುತ್ತಿದ್ದಾಗ. ಶಿವಯೋಗಿಯ ಕಾಲು ನಿಂತಿತು. ಡಾಕ್ಟರ ಬೆನ್ನು ಕೋಣೆಯೊಳಗೆ ಹೋಯಿತು. ಹೇಳುವುದಕ್ಕೆ ಬೇಕಾಗಿದ್ದು ನಾಲ್ಕು ಪದ. ಅವನು ಔಷಧಿಯ ಕೋಣೆಗೆ ಹೋಗಿ ಸಹಿ ಹಾಕಿ ಮೂರು ಹೆಸರಿನ ಮೂರು ಡಬ್ಬ ಮಾತ್ರೆ ಚೀಲಕ್ಕೆ ಹಾಕಿಕೊಂಡ. ಅಲ್ಲೇ ಮೂಲೆಯಲ್ಲಿದ್ದ ತೂಕದ ಯಂತ್ರದ ಮೇಲೆ ಸುಮ್ಮನೆ ಹತ್ತಿದ. ನಲವತ್ತೊಂಬತ್ತು. ಮದುವೆಯಲ್ಲಿ ಅರವತ್ತೆರಡು ಇದ್ದವನು.

ಹೊನ್ನಯ್ಯ ಮಗಳ ಊರು ತರೀಕೆರೆಗೆ ಹೋಗಿದ್ದರು, ನಾಳೆ ಬರುತ್ತಾರಂತೆ. ದುಶ್ಯಂತ್ ಆಟೋ ತೆಗೆದುಕೊಂಡು ಹೋದವನು ಫೋನ್ ಎತ್ತಲಿಲ್ಲ. ಎರಡೂ ಬಾಗಿಲಿನಿಂದ ಹಗುರಾಗಿ ಹಿಂದಿರುಗಿದ ಶಿವಯೋಗಿಗೆ ಮೂರನೆಯ ಬಾಗಿಲು ತೆರೆದೇ ಇರುವುದು ದೂರದಿಂದಲೇ ಕಾಣಿಸಿತು. ಈ ಕ್ವಾರ್ಟರ್ಸಿನ ಓಣಿಗಳಲ್ಲಿ ಮಧ್ಯಾಹ್ನದ ಹೊತ್ತು ಮೊದಲು ಕಾರ್ಖಾನೆಯ ಸೈರನ್ ಕೇಳುತ್ತಿತ್ತು, ಈಗ ಕುಕ್ಕರಿನ ಸೀಟಿ. ಎದುರಿಗೇ ಅಂಗನವಾಡಿ. ಅದರ ಜಗಲಿಯಲ್ಲಿ ಮಕ್ಕಳ ಚಪ್ಪಲಿ ಎಣಿಸಿದ, ಎಂಟು ಜೊತೆ. ದಿನಾ ಇಪ್ಪತ್ತು ದಾಟುತ್ತಿತ್ತು. ಒಳಗೆ ಟೀಚರೇ ಸೌಟು ಹಿಡಿದು ಬಡಿಸುತ್ತಿದ್ದುದು ಕಿಟಕಿಯಲ್ಲಿ ಕಂಡಿತು. ಸುಭದ್ರಮ್ಮ ತನ್ನ ಮನೆಯ ಹೊಸ್ತಿಲಿನಿಂದ ಒಂದು ಮಾರು ಒಳಗೆ, ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದಳು. ಮೂಗು ಬಾಯಿಗೆ ಸೆರಗು ಸುತ್ತಿಕೊಂಡಿದ್ದಳು. ಈ ಹೊತ್ತಿನಲ್ಲಿ ಅವಳು ಕುಳಿತದ್ದನ್ನು ಅವನು ಈವರೆಗೆ ನೋಡಿರಲಿಲ್ಲ.

'ಬನ್ನಿ ಶಿವಯೋಗಣ್ಣ. ಅಲ್ಲೇ ಬಾಗ್ಲ ಹತ್ರ ಕೂತ್ಕೊಳ್ಳಿ, ದೂರ ಇರ್ಲಿ' ಅಂದಳು. 'ಟೀಚರ್ ಬಂದು ಹೇಳಿದ್ರು. ಕೆಟ್ಟದಾಗೇನೂ ಹೇಳ್ಲಿಲ್ಲ ಪಾಪ. ಬೀದೀಲೇ ನಿಂತ್ಕೊಂಡು, ಸ್ವಲ್ಪ ದಿನ ಅಡಿಗೆ ಮನೆ ಕಡೆ ಬರ್ಬೇಡಿ ಸುಭದ್ರಮ್ಮ ಅಂದ್ರು. ಬೀದೀಲಿ ನಿಂತು ಹೇಳಿದ್ರೆ ಬೀದಿಗೆಲ್ಲ ಕೇಳ್ತದಲ್ಲ.' ಪಕ್ಕದ ಮನೆಯಿಂದ ಮಗುವೊಂದು ಅಳುವುದು ಕೇಳಿಸುತ್ತಿತ್ತು. ಅವಳು ಆ ಕಡೆ ಕಿವಿ ಕೊಟ್ಟು, 'ನಮ್ಮ ಮೊಮ್ಮಗಳು. ಬೆಳಿಗ್ಗೆಯಿಂದ ಅಲ್ಲಿ ಬಿಟ್ಟಿದೀನಿ. ಅಜ್ಜಿ ಬೇಕು ಅಂತ ಒಂದೇ ರಾಗ' ಅಂದಳು. ಗೂಡಿನಲ್ಲಿ ಒಂದು ಸ್ಟೀಲ್ ತಟ್ಟೆ, ಒಂದು ಲೋಟ ಬೇರೆಯಾಗಿ ಇಟ್ಟಿದ್ದವು. ಲೋಟದ ಕುತ್ತಿಗೆಗೆ ಕೆಂಪು ದಾರ ಸುತ್ತಿ ಗಂಟು ಹಾಕಿತ್ತು, ಮನೆಯ ಬೇರೆಯವರು ತಪ್ಪಿ ಕುಡಿಯಬಾರದಲ್ಲ. ಪಕ್ಕದ ಮನೆಯ ಮೇಷ್ಟರಿಗೆ ಅವರ ಸೊಸೆ ಹೀಗೆಯೇ ಮಾಡಿದ್ದಳು, ಆಗ ಇದೇ ಸುಭದ್ರಮ್ಮ ಅವಳನ್ನು ಚೆನ್ನಾಗಿ ಬೈದಿದ್ದಳು. ಈಗ ತನ್ನ ದಾರವನ್ನು ತಾನೇ ಕಟ್ಟಿಕೊಂಡಿದ್ದಳು. ಅವನಿಗೆ ಬೇರೆ ಲೋಟದಲ್ಲಿ, ಒಳ್ಳೆಯ ಲೋಟದಲ್ಲಿ, ನೀರು ತುಂಬಿಟ್ಟಿದ್ದಳು. 'ನಾನು ಮುಟ್ಟಿಲ್ಲ. ಸೊಸೆ ಹತ್ರ ತುಂಬಿಸಿ ಇಡ್ಸಿದೀನಿ, ಕುಡೀರಿ' ಅಂದಳು.

ಅವನು ಕುಡಿಯದೆ ಲೋಟವನ್ನು ಪಕ್ಕದಲ್ಲಿಟ್ಟುಕೊಂಡ. ಆ ಸೋಮವಾರದ ಹಿಂದಿನ ಸಂಜೆ ಇದೇ ಬಾಗಿಲಲ್ಲಿ ನಿಂತು ಡಬ್ಬಿ ಚಾಚಿದಾಗ, 'ಕೆಮ್ಮೇ ಇಲ್ಲ ಮಾರಾಯ್ರೆ, ಕಫ ಎಲ್ಲಿಂದ ತರ್ಲಿ?' ಎಂದು ನಕ್ಕಿದ್ದಳು. ಆಮೇಲೆ ಅವನ ಮುಖ ನೋಡಿ, 'ಒಂದು ಕಮ್ಮಿ ಆದ್ರೆ ನಿಮಗೆ ಬೈತಾರಾ? ಕೊಡಿ ಅತ್ಲಾಗೆ, ಬೆಳಿಗ್ಗೆ ಪ್ರಯತ್ನ ಮಾಡ್ತೀನಿ' ಅಂದಿದ್ದಳು. ಅವನಿಗಾಗಿ ಕೊಟ್ಟದ್ದು. ಅಡಿಕೆ ಚೂರು ತೇಲುತ್ತಿದ್ದ ಡಬ್ಬಿ ಅವಳದೇ. ಶಿವಯೋಗಿ ಮಾತ್ರೆಯ ಡಬ್ಬ ತೆಗೆದ, ಕಾರ್ಡು ತೆಗೆದ. ಹನ್ನೊಂದು ವರ್ಷದ ಮಾತು ತಾನೇ ತಾನಾಗಿ ಬಾಯಿಂದ ಬರತೊಡಗಿತು: ಹೆದರಬೇಡಿ, ವಾಸಿಯಾಗುವ ಕಾಯಿಲೆ, ಮೂತ್ರ ಕೆಂಪಾಗುತ್ತದೆ, ಒಂದು ದಿನವೂ ತಪ್ಪಿಸಬಾರದು. ಐವತ್ತು ಕೇಜಿಯ ಒಳಗಿನವರಿಗೆ ಮೂರು ಮಾತ್ರೆ, ಅದಕ್ಕೆ ಮೇಲೆ ನಾಲ್ಕು. ಅವಳು ಐವತ್ತೆಂಟು. ನಾಲ್ಕು ಮಾತ್ರೆಯನ್ನು ಹಾಳೆಯಿಂದ ಒತ್ತಿ ತೆಗೆದು ಅವಳು ಚಾಚಿದ ಅಂಗೈಗೆ, ಮುಟ್ಟದೆ, ಮೇಲಿನಿಂದ ಹಾಕಿದ. ಅವಳು ಅವನ್ನು ನೋಡುತ್ತ ಕುಳಿತಳು.

'ಒಂದು ಮಾತ್ ಕೇಳ್ಲಾ? ಇದು ನನಗೆ ಯಾರಿಂದ ಬಂತು?'

ಇಂಥ ಪ್ರಶ್ನೆಗೂ ತರಬೇತಿಯಲ್ಲಿ ಉತ್ತರವಿತ್ತು, ಗಾಳಿಯಿಂದ ಬರುತ್ತದೆ, ಯಾರಿಂದಾದರೂ ಬರಬಹುದು. ಅದನ್ನು ಹೇಳಲು ಅವನು ಉಸಿರೆಳೆದುಕೊಂಡ. ಆದರೆ ಅವಳು ಕಾಯಲಿಲ್ಲ. 'ಯಾರಿಂದ ಬಂತೋ ಹೋಗ್ಲಿ. ನಾನು ಯಾರಿಗೆ ಕೊಟ್ಟೆ ಅಂತ ಕೂತಲ್ಲೇ ಲೆಕ್ಕ ಹಾಕ್ತಿದೀನಿ. ಇಪ್ಪತ್ತೆರಡು ಮಕ್ಳು ಶಿವಯೋಗಣ್ಣ. ಒಬ್ಬೊಬ್ಬರದೂ ಮುಖ ಬರ್ತದೆ. ಅದ್ರಲ್ಲಿ ಒಂದಿದೆ, ಅನ್ನ ಬಿಸಿ ಅಂದ್ರೆ ಬಾಯಿಗೇ ಹಾಕ್ಕೊಳಲ್ಲ. ಅದಕ್ಕೆ ದಿನಾ ತುತ್ತು ತುತ್ತೂ ಊದಿ ಊದಿ ತಿನ್ನಿಸಿದೀನಿ ನಾನು.' ಅವಳ ದನಿ ಸೆರಗಿನೊಳಗೆ ಒಡೆಯಿತು. 'ಅದಕ್ಕೇನಾದ್ರೂ ಆದ್ರೆ ನಾನು ಯಾವ ಮುಖ ಇಟ್ಕೊಂಡು ಬದುಕ್ಲಿ, ಹೇಳಿ.'

ಬೆಳಗಿನಿಂದ ಅವನು ಕಾಯುತ್ತಿದ್ದದ್ದು ಆಗ ಬಂತು. ಬಿಳಿ ಮೀಸೆಯ ತನುಜಾ ಆಟೋದತ್ತ ಓಡುತ್ತಿದ್ದಳು. ಅವಳನ್ನು ನಿಲ್ಲಿಸಬೇಕಿತ್ತು, ಕೂಗಬೇಕಿತ್ತು, ಆದರೆ ಆಟೋ ಹೋಗಿ ಐದು ತಾಸಾಗಿತ್ತು. ಅವನಿಗೆ ಭಯವಾಯಿತು. ಇಷ್ಟು ಹೊತ್ತು ಎಲ್ಲಿತ್ತೋ ಆ ಭಯ, ಪೂರ್ತಿಯಾಗಿ, ಮಗಳ ಮುಖ ಹೊತ್ತುಕೊಂಡೇ ಬಂತು.

'ನನ್ನಿಂದ' ಅಂದ.

ಅವಳಿಗೆ ಅರ್ಥವಾಗಲಿಲ್ಲ. 'ನಿಮ್ಮಿಂದ ಹೆಂಗೆ? ನೀವು ಬಾಗ್ಲಿಂದ ಒಳಗೆ ಬಂದೋರೇ ಅಲ್ಲ.'

'ನಿಮಗೆ ಬಂದಿಲ್ಲ ಅಕ್ಕ. ನಿಮಗೆ ಏನೂ ಇಲ್ಲ. ನೀವು ಕೊಟ್ಟಿದ್ದು ಬರೀ ಉಗುಳು, ಲ್ಯಾಬ್‌ನೋರು ತಗೊಳ್ತಿರ್ಲಿಲ್ಲ. ಚೆಲ್ಲಿಬಿಟ್ಟೆ. ಆ ಡಬ್ಬಿಗೆ ನಂದು ಹಾಕ್ದೆ. ನಿಮ್ದಕ್ಕೂ, ಹೊನ್ನಯ್ಯನೋರ್ದಕ್ಕೂ, ದುಶ್ಯಂತಂದಕ್ಕೂ. ಮೂರೂ ನಂದೇ.' ಹೇಳಲು ನಾಲ್ಕು ಪದ ಸಾಕು ಅಂದುಕೊಂಡಿದ್ದ, ಇಷ್ಟಾಯಿತು. ತನ್ನ ದನಿ ಬೇರೆಯವರ ಮನೆಯ ರೇಡಿಯೋದಿಂದ ಬಂದ ಹಾಗೆ ಕೇಳಿಸಿತು.

ಬೈಯಲಿ ಎಂದು ಕಾದ, ಸುಭದ್ರಮ್ಮ ಓಣಿಯ ಜನ ಮೆಚ್ಚಿಕೊಳ್ಳುವಷ್ಟು ಚೆನ್ನಾಗಿ ಬೈಯಬಲ್ಲವಳು. ಅವಳು ಸೆರಗನ್ನು ಮುಖದಿಂದ ಬಿಚ್ಚಿದಳು, ಉದ್ದಕ್ಕೆ ಒಂದು ಸಲ ಉಸಿರು ಬಿಟ್ಟಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಗೋಡೆಯಾಚೆಗೆ, 'ಕೂಸೇ, ಅಳ್ಬೇಡ, ಬಂದೆ!' ಎಂದು ಜೋರಾಗಿ ಕೂಗಿದಳು. ಅಳು ಆ ಕೂಡಲೇ ನಿಂತಿತು. ಆಮೇಲೆ ಅವನ ಕಡೆ ತಿರುಗಿದಳು.

'ಟೀಚರ್ ಹತ್ರ ಬಂದು ಹೇಳ್ತೀರಾ?'

'ಹೇಳ್ತೀನಿ.'

'ಬೀದೀಲಿ ನಿಂತು ಹೇಳ್ಬೇಕು. ನನಗೆ ಹಂಗೇ ಹೇಳಿದ್ದು.'

'ಹೇಳ್ತೀನಿ ಅಕ್ಕ.'

'ಡಾಕ್ಟ್ರಿಗೆ?'

ಅವನು ಹೂಂ ಎಂದು ತಲೆಯಾಡಿಸಿದ. 'ಕೆಲಸ ಹೋಗ್ತದೆ' ಎಂದು ಸೇರಿಸಿದ, ಯಾಕೆ ಹೇಳಿದೆನೋ ಎಂದು ಆ ಕ್ಷಣವೇ ನಾಚಿಕೆಯಾಯಿತು.

'ಹೋಗ್ತದೆ' ಅಂದಳು ಸುಭದ್ರಮ್ಮ. ಎದ್ದು ಬಂದು ಅವನ ಪಕ್ಕದಲ್ಲಿದ್ದ ಒಳ್ಳೆಯ ಲೋಟವನ್ನು ತೆಗೆದುಕೊಂಡಳು. ಅದರ ನೀರನ್ನು ಬಾಗಿಲಾಚೆಯ ತುಳಸಿ ಗಿಡಕ್ಕೆ ಹಾಕಲು ಹೋದವಳು ಏನೋ ನೆನಪಾಗಿ ಮೋರಿಗೆ ಚೆಲ್ಲಿದಳು. ಗೂಡಿನಿಂದ ಕೆಂಪು ದಾರದ ಲೋಟ ತೆಗೆದು, ಕೊಡದಿಂದ ನೀರು ತುಂಬಿ, ಅವನ ಮುಂದೆ ನೆಲದ ಮೇಲಿಟ್ಟಳು. ಅವಳ ಅಂಗೈಯ ಬೆವರಿಗೆ ಮಾತ್ರೆಗಳ ಬಣ್ಣ ಸ್ವಲ್ಪ ಬಿಟ್ಟಿತ್ತು.

'ತಗೊಳ್ಳಿ. ನಿಮ್ದು' ಅಂದಳು.

'ನನಗೆ ಮೂರು' ಅಂದ ಶಿವಯೋಗಿ. 'ತೂಕ ಕಮ್ಮಿ.'

ಒಂದನ್ನು ಅವಳು ಕಾರ್ಡಿನ ಮೇಲೆ ಇಟ್ಟಳು. ಮೂರನ್ನು ಅವನ ಕೈಗೆ ಹಾಕಿದಳು, ಮೇಲಿನಿಂದ, ಮುಟ್ಟದೆ. ಒಂದೊಂದಾಗಿ ನುಂಗಿದ. ಎರಡನೆಯದು ಗಂಟಲಲ್ಲಿ ನಿಂತು, ಇನ್ನೊಂದು ಗುಟುಕಿಗೆ ಇಳಿಯಿತು. ದಾರದ ಗಂಟು ತುಟಿಗೆ ತಾಗುತ್ತಿತ್ತು. ಎದುರಿನ ಅಂಗನವಾಡಿಯಲ್ಲಿ ಉಳಿದ ಎಂಟು ಮಕ್ಕಳು ಊಟದ ಮುಂಚಿನ ಪ್ರಾರ್ಥನೆಯನ್ನು ಒಬ್ಬೊಬ್ಬರು ಒಂದೊಂದು ಧಾಟಿಯಲ್ಲಿ ಹೇಳುತ್ತಿದ್ದರು. ಅವನು ಲೋಟ ಕೆಳಗಿಟ್ಟು ಏಳಲು ಹೋದ.

ಸುಭದ್ರಮ್ಮ ಏಳಲು ಬಿಡಲಿಲ್ಲ. ಮೇಷ್ಟರ ಎದುರಿಗೆ ಅವನು ಆರು ತಿಂಗಳು ಕುಳಿತದ್ದನ್ನು ಕಿಟಕಿಯಿಂದ ನೋಡಿದ್ದವಳು, ಹಾಗೆಯೇ ಅವನ ಎದುರಿಗೆ ಕುಕ್ಕರುಗಾಲಿನಲ್ಲಿ ಕುಳಿತಳು.

'ಬಾಯಿ ತೆಗೀರಿ' ಅಂದಳು.